ಸುರೇಬಾನದ ಗೋಲ್‌ಕೀಪರ್

ಆಟಗಾರರನ್ನು ಆರಿಸಿಕೊಳ್ಳಲು ಚೀಟಿ ಎತ್ತಿದಾಗ ಬೈಲಹೊಂಗಲಕ್ಕೆ ಬಂದದ್ದು ಕೊನೆಯ ಸರತಿ. ಅಲ್ಲಿಯ ಫುಟ್‌ಬಾಲ್ ಕ್ಲಬ್ಬಿನ ಸೆಕ್ರೆಟರಿ ರಘೋತ್ತಮ ಮುಖದ ಮೇಲೆ ನಗೆ ಉಳಿಸಿಕೊಂಡೇ ಹೊರಬಿದ್ದ. ಹೋದ ವರ್ಷ, ೧೯೫೨ರ ಶೀಲ್ಡ್ ಪಂದ್ಯದಲ್ಲಿ ರಾಮದುರ್ಗದವರು ಬೈಲಹೊಂಗಲದ ಮೇಲೆ ಐದು ಗೋಲು ಹೊಡೆದಿದ್ದರು. ಅಂದಿನಿಂದ ಅವನನ್ನು ಕಂಡರೆ ಪೇಟೆಯವರು ಐದು ಬೆರಳು ಎತ್ತಿ ನಮಸ್ಕಾರ ಮಾಡುತ್ತಿದ್ದರು.

ಫಾರ್ವರ್ಡ್ ಆಟಗಾರರು ಅವನಿಗೆ ಬೇಕಿರಲಿಲ್ಲ. ಬೇಕಾದದ್ದು ಗೋಲ್‌ಕೀಪರ್, ಆಮೇಲೆ ಸಾಧ್ಯವಾದರೆ ಒಬ್ಬ ಗಟ್ಟಿ ಬ್ಯಾಕ್. ಸುತ್ತಿನ ಊರುಗಳಲ್ಲೆಲ್ಲ ಅಂಥ ಗೋಲ್‌ಕೀಪರ್ ಒಬ್ಬನೇ, ಸುರೇಬಾನದ ಪರಪ್ಪ. ರಾಮದುರ್ಗದ ವ್ಯಾಪಾರಿಯೊಬ್ಬರ ಹತ್ತಿ ಲಾರಿ ಓಡಿಸುವವ. ಹಳ್ಳಿಯ ಆಟಗಾರರನ್ನು ನಾಲ್ಕು ಕ್ಲಬ್ಬುಗಳು ಸರತಿಯಂತೆ ಒಬ್ಬೊಬ್ಬರಾಗಿ ಆರಿಸಿಕೊಳ್ಳುವುದು ಪದ್ಧತಿ. ರಾಮದುರ್ಗ, ಕಿತ್ತೂರು, ಸವದತ್ತಿ ಮೂರೂ ದಾಟಿ ಪರಪ್ಪ ತನ್ನವರೆಗೆ ಬರಬೇಕಾದರೆ ಅವನು ಯಾರಿಗೂ ಬೇಡವಾಗಬೇಕು.

ರಘೋತ್ತಮ ನಾಲ್ಕು ದಿನ ಎಡಗೈಯಲ್ಲಿ ಬರೆಯುವುದನ್ನು ರೂಢಿ ಮಾಡಿಕೊಂಡ. ಕಾಗದವನ್ನು ಧಾರವಾಡದಲ್ಲಿ ಕೊಂಡ, ಮಸಿಯನ್ನು ಹುಬ್ಬಳ್ಳಿಯಲ್ಲಿ. ‘ಹಿತಚಿಂತಕ’ ಎಂದು ಸಹಿ ಹಾಕಿದ ಪತ್ರದಲ್ಲಿ ಹೆಚ್ಚು ಮಾತಿರಲಿಲ್ಲ: ಪರಪ್ಪನ ಬಲಗಣ್ಣಿಗೆ ಪೊರೆ ಬಂದಿದೆ, ಪುಣೆಯ ಡಾಕ್ಟರು ಹೇಳಿದ್ದಾರೆ, ಹೊಟ್ಟೆಪಾಡಿಗಾಗಿ ಮುಚ್ಚಿಟ್ಟಿದ್ದಾನೆ. ಉಳಿದ ಮೂರು ಕ್ಲಬ್ಬುಗಳಿಗೆ ಒಂದೊಂದರಂತೆ ಮೂರು ಪತ್ರಗಳನ್ನು ಹುಬ್ಬಳ್ಳಿಯ ಅಂಚೆಪೆಟ್ಟಿಗೆಗೆ ಹಾಕಿ, ಅಳಿದುಳಿದ ಕಾಗದ ಸುಟ್ಟು, ಮಸಿಬಾಟಲಿಯನ್ನು ಹಳ್ಳಕ್ಕೆ ಎಸೆದ.

ವಾರದೊಳಗೆ ಪರಪ್ಪನೇ ಅವನಿದ್ದಲ್ಲಿಗೆ ಬಂದ. ರಘೋತ್ತಮ ಹತ್ತಿ ಬಿಡಿಸುವ ಜಿನ್ನಿಂಗ್ ಗಿರಣಿಯ ಮ್ಯಾನೇಜರ್ ಆಗಿದ್ದ. ಯಾರೋ ಏನೋ ಹೇಳಿದರೆಂದು ಸಾವಕಾರ ಲಾರಿಯಿಂದ ಇಳಿಸಿದ್ದಾನೆ, ಮನೆಯಲ್ಲಿ ಹೆಂಡತಿ ಗುರುಬಸವ್ವ ತುಂಬಿದ ಬಸುರಿ ಎಂದು ಪರಪ್ಪ ಬಾಗಿಲಲ್ಲೇ ನಿಂತು ಹೇಳಿದ.

“ನನ್ನ ಕಣ್ಣು ಛಲೋ ಅದಾವ್ರಿ ಸಾಹೇಬ್ರ. ಯಾರೂ ನಂಬವಲ್ರು.”

“ನಾ ನಂಬತೇನಿ. ಆರಿಸೋದು ಮುಗೀಲಿ, ನಿನಗಿಲ್ಲೇ ಕೆಲಸ ಅದ,” ಎಂದ ರಘೋತ್ತಮ.

ಪರಪ್ಪ ಬಗ್ಗಿ ಅವನ ಕಾಲು ಮುಟ್ಟಿದ. ಕೆಲಸ ಹೋಗುತ್ತದೆಂದು ರಘೋತ್ತಮ ಎಣಿಸಿರಲಿಲ್ಲ. ಆದರೆ ಇದೂ ಒಳ್ಳೆಯದೇ ಆಯಿತು, ಆಳು ಋಣಕ್ಕೆ ಬಿದ್ದ ಅನಿಸಿತು.

ಆಯ್ಕೆ ನಡೆದದ್ದು ಸವದತ್ತಿಯ ಸಾಲೆಯಲ್ಲಿ. ಆಟಗಾರರು ಗೋಡೆಗೆ ಒರಗಿ ನಿಂತಿದ್ದರು. ರಾಮದುರ್ಗದ ಸೆಕ್ರೆಟರಿ ನೀಲಕಂಠರಾಯರು ಒಬ್ಬ ಫಾರ್ವರ್ಡನ ಹೆಸರು ಹೇಳಿದರು. ಕಿತ್ತೂರಿನವರು ಇನ್ನೊಬ್ಬನನ್ನು, ಸವದತ್ತಿಯವರು ಬ್ಯಾಕ್ ಒಬ್ಬನನ್ನು ಕರೆದರು. ಪರಪ್ಪ ತಲೆ ತಗ್ಗಿಸಿದ. ರಘೋತ್ತಮ ಯೋಚಿಸುವವನಂತೆ ಗಲ್ಲ ತುರಿಸಿಕೊಂಡು, ಅವನ ಹೆಸರು ಹೇಳಿದ.

ನೀಲಕಂಠರಾಯರು ಕೋಟಿನ ಜೇಬಿನಿಂದ ಲಕೋಟೆ ತೆಗೆದರು. “ರಘೋತ್ತಮರಾವ್, ಆರಿಸೋಕಿಂತ ಮೊದಲ ಇದನ್ನ ಓದ್ರಿ. ಈತನ ಕಣ್ಣಿನ ಸುದ್ದಿ ಅದ. ನಿಮಗೂ ಬಂದಿರಬೇಕಲ್ಲ?”

“ಇಲ್ರಿ, ನನಗ್ಯಾವ ಪತ್ರನೂ ಬಂದಿಲ್ಲ,” ಎಂದ ರಘೋತ್ತಮ. ಆ ಉತ್ತರವನ್ನು ಅವನು ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದ.

ಕಿತ್ತೂರಿನವರು ತಮ್ಮ ಲಕೋಟೆಯನ್ನು ಮೇಜಿನ ಮೇಲಿಟ್ಟರು. ಸವದತ್ತಿಯವರೂ ಇಟ್ಟರು. ಒಂದೇ ಕೈಬರಹ, ಒಂದೇ ಹುಬ್ಬಳ್ಳಿಯ ಮುದ್ರೆ. ನೀಲಕಂಠರಾಯರು ಮೂರನ್ನೂ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ನಾಲ್ಕನೆಯದು ಇರಬೇಕಾದ ಖಾಲಿ ಜಾಗವನ್ನು ನೋಡಿದರು; ಆಮೇಲೆ ರಘೋತ್ತಮನನ್ನು. ಗೋಡೆ ಬಿಟ್ಟು ಪರಪ್ಪ ಮೆಲ್ಲಗೆ ಮೇಜಿನತ್ತ ಬರತೊಡಗಿದ. ಕಾಗದ, ಮಸಿ, ಮುದ್ರೆ, ಕೈಬರಹ ಎಲ್ಲವನ್ನೂ ಯೋಚಿಸಿದ್ದ ರಘೋತ್ತಮನಿಗೆ ತನ್ನದೇ ಬೈಲಹೊಂಗಲದ ವಿಳಾಸಕ್ಕೂ ಒಂದು ಪತ್ರ ಹಾಕಬೇಕಿತ್ತೆಂಬುದು ಮಾತ್ರ ಹೊಳೆದಿರಲಿಲ್ಲ.