ಅತ್ತೆ ಕಾಯಿಸದ ಎಣ್ಣೆ

ರುದ್ರೇಶ್ ನನ್ನ ಮೊಣಕೈ ಮೊದಲ ಸಲ ನೋಡಿದ್ದು ನಂಜನಗೂಡಿನ ಮೆಡಿಕಲ್ ಸ್ಟೋರ್‌ನಲ್ಲಿ, ಕೌಂಟರಿನ ಆಚೆ ನಿಂತು ಔಷಧಿ ಕೊಡುವಾಗ. ಮುಖ ಸಿಂಡರಿಸಲಿಲ್ಲ. ಅಷ್ಟಕ್ಕೇ ಸೋತುಹೋದೆ ನಾನು.

"ಸೋರಿಯಾಸಿಸ್ ಅಂಟೋ ಕಾಯಿಲೆ ಅಲ್ಲ ಕಣ್ರೀ. ವೇಲಲ್ಲಿ ಯಾಕೆ ಮುಚ್ಕೋತೀರಿ?"

"ನಿಮಗ್ಯಾಕೆ?"

"ಚೆನ್ನಾಗಿರೋ ಕೈ ಮುಚ್ಚಿದ್ರೆ ನೋಡೋರಿಗೆ ಬೇಜಾರಾಗಲ್ವಾ?"

ಆಮೇಲೆ ನನ್ನ ಊಟಕ್ಕೆ ಅವನೇ ಯಜಮಾನ. ಕರಿದದ್ದು, ಉಪ್ಪಿನಕಾಯಿ ಬಿಡಿಸಿದ. ಕುದಿಯುವ ನೀರಿನ ಸ್ನಾನ ತಪ್ಪಿಸಿ ಉಗುರುಬೆಚ್ಚಗಿನ ನೀರಿಗಿಳಿಸಿದ. ಬದನೆಕಾಯಿ ತಿಂದ ದಿನ ತುರಿಕೆ ಜಾಸ್ತಿಯಾಯಿತಾ ಎಂದು ಮೆಸೇಜ್ ಮಾಡುತ್ತಿದ್ದ. ಬೇರೆ ಹುಡುಗಿಯರಿಗೆ ಗುಲಾಬಿ ಬಂದರೆ ನನಗೆ ಸೊಪ್ಪಿನ ಕಟ್ಟು ಬರುತ್ತಿತ್ತು. ಅದಕ್ಕೂ ನಾಚಿಕೊಳ್ಳುತ್ತಿದ್ದೆ.

ಗುರುವಾರ ಬಂತೆಂದರೆ ತಿ. ನರಸೀಪುರದ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದ, ಕೈಯಲ್ಲೊಂದು ಎಣ್ಣೆ ಬಾಟಲಿ.

"ನಮ್ಮವ್ವ ಬೇವಿನ ಸೊಪ್ಪು ಹಾಕಿ ಕಾಯ್ಸಿದ್ದು. ನಿನಗೋಸ್ಕರ."

ಎರಡೇ ತಿಂಗಳಲ್ಲಿ ಕಲೆ ಮಾಯವಾಯಿತು. ಅರ್ಧ ತೋಳಿನ ಚೂಡಿದಾರ್ ಹಾಕಿ ಹೋದ ದಿನ ಅವನ ನೋಟ ಮುಂಗೈಯಿಂದ ಮೊಣಕೈಗೆ ಏರಿ, ಅಲ್ಲೇ ಕೂತುಬಿಟ್ಟಿತು.

"ಬಸ್ ಹೊರಟಿದೆ," ಎಂದೆ.

"ಓಗ್ಲಿ ಬಿಡು, ಇನ್ನೊಂದು ಬತ್ತದೆ."

ಅವನ ಮನೆಯವರು ನನ್ನನ್ನು ನೋಡಲು ಬರುವ ಶಾಸ್ತ್ರ ಹತ್ತಿರ ಬಂದಾಗ ಎಣ್ಣೆ ಮುಗಿಯಿತು. ಅವನು ಆ ವಾರ ಊರಲ್ಲಿರಲಿಲ್ಲ. ಕೈ, ಬೆನ್ನು ಮೊದಲಿಗಿಂತ ಕೆಂಪಾಗಿ ಎದ್ದವು. ಅತ್ತೆಯಾಗುವವರನ್ನೇ ಕೇಳಿ ತರೋಣವೆಂದು ನಮ್ಮೂರು ಸೋಸಲೆಯಿಂದ ಹೊರಟು ಅವನ ಊರು ಹೆಮ್ಮರಗಾಲ ಸೇರಿದೆ. ಅವರು ನೋಡಲು ಬರಬೇಕಿದ್ದ ಹೆಣ್ಣೇ ಬಾಗಿಲಲ್ಲಿ ನಿಂತದ್ದು ಕಂಡು ಅವನ ತಾಯಿ ಸರ್ವಮಂಗಳಮ್ಮ ಕಕ್ಕಾಬಿಕ್ಕಿಯಾದರು.

"ಯಾವ ಎಣ್ಣೆ ಮಗ? ನಾನ್ಯಾವ ಎಣ್ಣೆನೂ ಕಾಯಿಸ್ನಿಲ್ವಲ್ಲ."

ತೋಳು ಮೇಲೆತ್ತಿ ತೋರಿಸಿದೆ. ಅವರು ನನ್ನ ಕೈ ಮಡಿಲಿಗೆಳೆದುಕೊಂಡರು.

"ನಮ್ಮಕ್ಕಂಗೂ ಇದೇ ಇತ್ತು. ಮೂರು ಮಕ್ಳ ಎತ್ತು ಚೆನ್ನಾಗವ್ಳೆ. ಇದ್ಕೆ ಯಾಕವ್ವ ಅಳ್ತೀಯ?"

ನಾನು ಅಳುತ್ತಿದ್ದದ್ದು ಅದಕ್ಕಲ್ಲ.

ರುದ್ರೇಶ್ ವಾಪಸಾದ ದಿನ ಕಪಿಲೆಯ ಸೋಪಾನಕಟ್ಟೆಯಲ್ಲಿ ಆ ಎಣ್ಣೆಯಲ್ಲಿ ಏನಿತ್ತೆಂದು ಕೇಳಿದೆ. ತಲೆ ತಗ್ಗಿಸಿಕೊಂಡೇ ಹೇಳಿದ:

"ಸ್ಟೆರಾಯ್ಡ್ ಮುಲಾಮು ಬೆರೆಸ್ತಿದ್ದೆ ರಂಜು. ಅವ್ವ ನೋಡೋ ದಿನಕ್ಕೆ ಮೈ ತಿಳಿಯಾಗಿರ್ಲಿ ಅಂತ. ಅವ್ವ ಬೇಡ ಅಂದ್ಬಿಟ್ರೆ ಅಂತ ಭಯ."

"ನಿಮ್ಮವ್ವ ನನ್ನ ಕೈನ ಮಡಿಲಲ್ಲಿ ಇಟ್ಕೊಂಡಿದ್ರು. ನಾಚಿಕೆ ಇದ್ದದ್ದು ನಿಮಗೊಬ್ಬರಿಗೇ."

ಅವನ ಕಣ್ಣು ತುಂಬಿತು. ಆ ಕಣ್ಣೆಂದರೆ ನನಗೆ ಈಗಲೂ ಪ್ರೀತಿಯೇ, ಸುಳ್ಳು ಯಾಕೆ ಹೇಳಲಿ. ಆದರೆ ಅವನ ನಾಚಿಕೆಯನ್ನು ದಿನವೂ ಮೈಗೆಲ್ಲ ಸವರಿಕೊಂಡು, ಅದನ್ನೇ ಪ್ರೀತಿ ಅಂದುಕೊಂಡಿದ್ದೆನಲ್ಲ.

"ಶಾಸ್ತ್ರಕ್ಕೆ ಬರಬೇಡಿ," ಎಂದು ಮೆಟ್ಟಿಲು ಹತ್ತಿದೆ. ಅವನು ಕರೆದ. ನಾನು ತಿರುಗಲಿಲ್ಲ.