ಅರ್ಧ ತುಂಬಿದ ಪೆಟ್ಟಿಗೆ

ಮಾರ್ಚ್ ನಾಲ್ಕು, ಮಂಗಳವಾರ, ಬೆಳಿಗ್ಗೆ 9.10. ಅಮೆರಿಕದ ಡೇಲಿ ಸಿಟಿ ಪೊಲೀಸ್ ಠಾಣೆಗೆ ಬಂದ ಫಿಲಿಪೀನ್ಸಿನ ಮಾರಿವಿಕ್ ಹೆಸರು ಹೇಳುವುದಕ್ಕೇ ಹಿಂದೆಮುಂದೆ ನೋಡಿದಳು. ವೀಸಾ ಮುಗಿದು ಹನ್ನೊಂದು ವರ್ಷವಾದವಳು ತಾನಾಗಿ ಪೊಲೀಸರ ಮೆಟ್ಟಿಲು ಹತ್ತುವುದೆಂದರೆ ಸಣ್ಣ ಮಾತಲ್ಲ.

"ಏನು ಕಳವಾಗಿದೆ?" ಇನ್‌ಸ್ಪೆಕ್ಟರ್ ಎಫ್ರೆನ್ ಕೇಳಿದ.

"ಹಳೇ ಪಾಸ್‌ಪೋರ್ಟ್ ಸಾರ್. ನಾನು ಕಳ್ಳದಾರೀಲಿ ಬಂದಿಲ್ಲ ಅನ್ನೋಕೆ ಅದರಲ್ಲಿರೋ ಮುದ್ರೆ ಒಂದೇ ಸಾಕ್ಷಿ. ಶುಕ್ರವಾರ ಗ್ರೀನ್ ಕಾರ್ಡ್ ಸಂದರ್ಶನ. ಅದಿಲ್ದಿದ್ರೆ ಅರ್ಜಿ ಬಿದ್ದುಹೋಗುತ್ತೆ."

ಅಮೆರಿಕದ ಪ್ರಜೆ ಗ್ಲೆನ್‌ನನ್ನು ಮದುವೆಯಾದ ಮೇಲೆ ಹಾಕಿದ ಅರ್ಜಿ ಅದು. ಎಫ್ರೆನ್ ದೂರು ದಾಖಲಿಸಿಕೊಂಡ.

10.30ಕ್ಕೆ ಮನೆಯ ಮಹಜರು. ಬೀಗ ಮುರಿದಿಲ್ಲ, ಒಡವೆ ಹೋಗಿಲ್ಲ. ಗಂಡ ಹೆಂಡತಿಯ ಜೊತೆ ಮಾರಿವಿಕ್‌ಳ ತಂಗಿ ಲೋರ್ನಾ ಇದ್ದಳು. ಅಕ್ಕತಂಗಿಯರು ಒಂದೇ ವಿಮಾನದಲ್ಲಿ ಬಂದು ಒಟ್ಟಿಗೇ ಉಳಿದುಬಿಟ್ಟವರು. ಲೋರ್ನಾಳಿಗೆ ಮದುವೆಯೂ ಆಗಿರಲಿಲ್ಲ, ಕಾಗದವೂ ಇರಲಿಲ್ಲ.

ಕಪಾಟಿನಲ್ಲಿ ಸೋಪು, ಟವೆಲು, ಮಾಂಸದ ಡಬ್ಬಿಗಳ ಸಾಲು ಎಫ್ರೆನ್‌ನ ಕಣ್ಣಿಗೆ ಬಿತ್ತು.

"ಇವೆಲ್ಲ ಊರಿಗಾ?"

"ಹೂಂ, ಅಮ್ಮನಿಗೆ. ಪೆಟ್ಟಿಗೆ ಶನಿವಾರ ಹೋಯ್ತು" ಎಂದಳು ಲೋರ್ನಾ.

"ಮತ್ತೆ ಇವು ಯಾಕೆ ಉಳಿದವು?"

"ಮರೆತೋಯ್ತು."

"ಪೆಟ್ಟಿಗೆ ಅರ್ಧಾನೂ ತುಂಬಿರ್ಲಿಲ್ಲ ಸಾರ್. ಅಷ್ಟೇನು ಅವಸರ ಅಂತ ಇವಳಿಗೆ ನಾನೇ ಬೈದೆ" ಎಂದಳು ಮಾರಿವಿಕ್.

ಎಫ್ರೆನ್‌ನ ತಾಯಿಯೂ ಮೂವತ್ತು ವರ್ಷ ಮನಿಲಾಕ್ಕೆ ಹಡಗಿನ ಪೆಟ್ಟಿಗೆ ಕಟ್ಟಿದವಳು. ಸಾಗಣೆಯ ಬಾಡಿಗೆ ಪೆಟ್ಟಿಗೆಗೆ ಇಷ್ಟೆಂದು, ತೂಕಕ್ಕಲ್ಲ. ಮೂಲೆಯಲ್ಲಿ ಒಂದು ಸೋಪಿಗೆ ಜಾಗವಿದ್ದರೂ ಅವಳು ಮುಚ್ಚುತ್ತಿರಲಿಲ್ಲ. ಫಿಲಿಪೀನ್ಸಿನವರು ಮದುವೆಯ ದಿನವನ್ನಾದರೂ ಮರೆತಾರು, ಇದನ್ನು ಮರೆಯುವವರಲ್ಲ.

ಮಧ್ಯಾಹ್ನ 2.40. ಬಂದರಿನ ಗೋದಾಮಿನಿಂದ ಸರಕು ಐದಕ್ಕೆ ಹೊರಡುವುದಿತ್ತು. ಇಬ್ಬರು ಸಾಕ್ಷಿಗಳ ಎದುರು ಕಾನ್‌ಸ್ಟೆಬಲ್ ವಿಟ್ಲೊ ಲೋರ್ನಾ ಕಳಿಸಿದ ಪೆಟ್ಟಿಗೆ ಬಿಚ್ಚಿದ. ತಾಯಿಗೆಂದು ಕೊಂಡ ಹೊಸ ನೈಟಿಯೊಳಗೆ ಪಾಸ್‌ಪೋರ್ಟ್ ಜೋಪಾನವಾಗಿ ಸುತ್ತಿಟ್ಟಿತ್ತು.

4.15ಕ್ಕೆ ಲೋರ್ನಾಳ ಬಂಧನ.

"ನೀನಾ? ಯಾಕೇ ಹಿಂಗೆ ಮಾಡ್ದೆ?" ಮಾರಿವಿಕ್ ತಂಗಿಯ ತೋಳು ಹಿಡಿದಳು.

"ಸುಟ್ಟುಹಾಕೋಣ ಅಂದ್ಕೊಂಡೆ. ಮನಸ್ಸು ಬರ್ಲಿಲ್ಲ ಅಕ್ಕ. ಕಾರ್ಡ್ ಬಂದ್ರೆ ನೀನು ಅಮ್ಮನ್ನ ನೋಡೋಕೆ ಹೋಗ್ತೀಯ. ನಾನು ಹೋದ್ರೆ ವಾಪಸ್ ಬರೋಹಾಗಿಲ್ಲ, ಅವಳ ಔಷಧಿಗೆ ದುಡಿಯೋರ್ಯಾರು? ನಾನೊಬ್ಳೇ ಫೋನಲ್ಲಿ ನೋಡ್ತಾ ಇರ್ಬೇಕಾ?"

"ದೂರು ವಾಪಸ್ ತಗೋತೀನಿ ಸಾರ್" ಎಂದು ಮಾರಿವಿಕ್ ಅಳತೊಡಗಿದಳು.

"ಅದಿನ್ನು ನನ್ನ ಕೈಯಲ್ಲಿಲ್ಲಮ್ಮ."

ಫೋಟೊ ತೆಗೆದು, ರಸೀದಿ ಬರೆಸಿಕೊಂಡು ಪಾಸ್‌ಪೋರ್ಟನ್ನು ಅಂದೇ ಮಾರಿವಿಕ್‌ಳಿಗೆ ಹಿಂತಿರುಗಿಸಲಾಯಿತು.

ಬೆರಳಚ್ಚು ಕೊಡುತ್ತ ಲೋರ್ನಾ ಮೆಲ್ಲಗೆ ಕೇಳಿದಳು: "ಸಾರ್, ಇದಕ್ಕೆ ನನ್ನನ್ನ ಊರಿಗೆ ಕಳಿಸ್ಬಿಡ್ತಾರಾ?"

ಎಫ್ರೆನ್ ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದ. ಎಲ್ಲರೂ ಹೆದರಿ ಕೇಳುವವರೇ. ಲೋರ್ನಾ ಮಾತ್ರ ಆಸೆಯಿಂದ ಕೇಳಿದ್ದಳು.