ಬುಟ್ಟಿಗೆ ಬಿದ್ದ ಸದ್ದು

"ನಮ್ಮ ಬಾಲ್ಕನಿ ಕೆಳಗೆ ದಿನಾ ಒಂದು ಕತ್ತೆ ಹೋಗುತ್ತೆ," ಎಂದಳು ಸಾಂತೀನಾ, ಸ್ಪ್ಯಾನರ್ ಒರೆಸುತ್ತಾ.

"ಕತ್ತೆನಾ?" ಎಂದ ಗಾಸ್ಪರೆ.

"ಎರಡು ಕಾಲಿನದು. ಕಾರಲ್ಲಿ ಕೂತಿರುತ್ತೆ. ಮಧ್ಯಾಹ್ನ ಊಟ ಆಗಿ ಊರೆಲ್ಲ ಮಲಗಿರೋ ಹೊತ್ತಲ್ಲಿ ಬುಸ್ ಅಂತ ಸದ್ದು ಮಾಡ್ಕೊಂಡು ಹೋಗುತ್ತೆ. ಅಜ್ಜಿ ಎದೆ ಹಿಡ್ಕೊಂಡು ಎದ್ದು ಕೂತ್ಕೋತಾಳೆ. ಒಂದ್ಸಲ ಕೈಗೆ ಸಿಗಲಿ ಅವನು."

ಗಾಸ್ಪರೆಯ ಕೈಯಲ್ಲಿದ್ದ ಕಾಫಿ ಹಾಗೇ ನಿಂತಿತು. ಕಿವಿ ಬಿಸಿಯಾಯಿತು. ಆ ಕತ್ತೆ ನಾನೇ ಎಂದು ಹೇಳಲು ಬಾಯಿ ತೆರೆದವನು ಕಾಫಿಯನ್ನೇ ಗುಟುಕರಿಸಿದ.

"ನಿನ್ನ ಗಾಡಿಗೆ ಒಳ್ಳೇ ಫಿಲ್ಟರೇ ಆರಿಸಿದ್ವಿ ಬಿಡು," ಎಂದು ಅವಳು ಕಣ್ಣಂಚಿನಲ್ಲಿ ನೋಡಿ ನಕ್ಕಳು. "ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ."

ಗೊತ್ತಾಗುವುದಾದರೂ ಹೇಗೆ? ಅವನು ಕಾರನ್ನು ಚರ್ಚಿನ ಹಿಂದೆ ನಿಲ್ಲಿಸಿ ಗ್ಯಾರೇಜಿಗೆ ನಡೆದುಕೊಂಡು ಬರುತ್ತಿದ್ದ.

ಎಟ್ನಾ ಜ್ವಾಲಾಮುಖಿಯ ತಪ್ಪಲಿನ ಆ ಊರಿನಲ್ಲಿ ಗಾಸ್ಪರೆಯದು ಕನ್ನಡಕದ ಅಂಗಡಿ. ಬೆಟ್ಟದ ರೇಸಿಗೆ ಸೇರುತ್ತೇನೆಂದು ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದ. ರೇಸು ಬರೀ ನೆಪ. ಪ್ರತಿವರ್ಷ ಆ ರೇಸಿನಲ್ಲಿ ಕಾರು ಓಡಿಸುವ ಸಾಂತೀನಾ ತನ್ನ ಚಿಕ್ಕಪ್ಪನ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದಳು, ಅಷ್ಟೇ ವಿಷಯ. ಅವಳೊಡನೆ ಮಾತಾಡಲು ಏನಾದರೊಂದು ಬೇಕಲ್ಲ, ಇಂಜಿನ್ನಿಗೆ ತಣ್ಣನೆಯ ಗಾಳಿ ಎಳೆದುಕೊಡುವ ಕೋಲ್ಡ್ ಏರ್ ಇಂಟೇಕ್ ಆರಿಸಿಕೊಡು ಎಂದು ಕೇಳಿದ್ದ.

ಅವಳು ಅದಕ್ಕೆ ಒಂದು ಇಡೀ ಸಂಜೆ ಕೊಟ್ಟಳು. ಕೌಂಟರಿನ ಮೇಲೆ ಎರಡು ಬಗೆಯವನ್ನು ತಂದಿಟ್ಟಳು. ಒಂದು, ಫಿಲ್ಟರ್ ಒಳಗೇ ಇರುವ ಮುಚ್ಚಿದ ಕಪ್ಪು ಪೆಟ್ಟಿಗೆ. ಅದರ ಕೊಳವೆ ಕಾರಿನ ಮೂತಿಯವರೆಗೂ ಹೋಗಿ ಹೊರಗಿನ ತಣ್ಣನೆಯ ಗಾಳಿ ತರುತ್ತದೆ. ಇನ್ನೊಂದು, ಪೆಟ್ಟಿಗೆಯಿಲ್ಲದ ತೆರೆದ ಕೆಂಪು ಫಿಲ್ಟರ್, ನೋಡಲು ಬಲು ಚೆಂದ.

"ಈ ಚೆಲುವ ಇದಾನಲ್ಲ, ಇಂಜಿನ್ ಪಕ್ಕದಲ್ಲೇ ಕೂತು ಅದರ ಬಿಸಿ ಗಾಳಿನೇ ಕುಡೀತಾನೆ. ಆಗಸ್ಟ್ ಬಿಸಿಲಿಗೆ ಇದ್ದ ಶಕ್ತಿನೂ ಹೋಗುತ್ತೆ, ಉಳಿಯೋದು ಸದ್ದು ಮಾತ್ರ. ಯಾವುದು ಬೇಕು ನಿನಗೆ?"

"ನೀನು ಹೇಳಿದ್ದೇ."

ಅವಳ ಕೆನ್ನೆಯ ಮೇಲೆ ಗ್ರೀಸಿನ ಗೆರೆಯೊಂದಿತ್ತು. ಅವನು ಅದನ್ನೇ ನೋಡುತ್ತಿದ್ದುದು ತಿಳಿದು ಮೊಣಕೈಯಿಂದ ಒರೆಸಿಕೊಂಡಳು. ಗೆರೆ ಕಿವಿಯವರೆಗೂ ಹರಡಿತು. ಇಬ್ಬರೂ ನಕ್ಕರು.

ಕಾರಿಗೆ ತನ್ನ ಭಾವನೇ ಹಾಕಿಕೊಡುತ್ತಾನೆಂದು ಹೇಳಿ ಗಾಸ್ಪರೆ ಕಪ್ಪು ಪೆಟ್ಟಿಗೆಯನ್ನು ಒಯ್ದ. ಮರುದಿನವೇ ಕತಾನಿಯಾ ನಗರದ ಅಂಗಡಿಯೊಂದರಲ್ಲಿ ಅದನ್ನು ಕೊಟ್ಟು, ಬದಲಿಗೆ ಕೆಂಪು ಫಿಲ್ಟರ್ ಹಾಕಿಸಿಕೊಂಡು ಬಂದ. ಅವಳ ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ತಣ್ಣನೆಯ ಗಾಳಿ ಅಷ್ಟು ಎತ್ತರಕ್ಕೆ ಕೇಳಿಸುವುದಿಲ್ಲ.

ಈಗ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕತ್ತೆ ಎಂದದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. "ಆರಿಸಿದ್ವಿ" ಎಂದಳಲ್ಲ, ತನ್ನನ್ನೂ ಸೇರಿಸಿಕೊಂಡು, ಅದು ಮನಸ್ಸನ್ನು ಚುಚ್ಚುತ್ತಲೇ ಇತ್ತು.

ಮರುದಿನ ಮಧ್ಯಾಹ್ನ ಅಂಗಡಿ ಮುಚ್ಚಿದವನೇ ಫಿಲ್ಟರನ್ನು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಅವಳ ಮನೆಯತ್ತ ನಡೆದ. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮೇಲೆ ಬಾಲ್ಕನಿಯಲ್ಲಿ ಅಜ್ಜಿ ಬಕೆಟ್ ತುಂಬ ನೀರಿಟ್ಟುಕೊಂಡು ಕತ್ತೆಗಾಗಿ ಕಾಯುತ್ತಿದ್ದಳು.

"ಯಾರಪ್ಪಾ ಅದು?"

"ಕನ್ನಡಕದ ಅಂಗಡಿ ಗಾಸ್ಪರೆ, ಅಜ್ಜಿ. ಸಾಂತೀನಾಗೆ ಒಂದು ಸಾಮಾನು ಕೊಡೋದಿತ್ತು."

ಅಜ್ಜಿ ಬ್ರೆಡ್ಡಿನವನಿಗೆ ಇಳಿಬಿಡುವ, ಹಗ್ಗ ಕಟ್ಟಿದ ಬುಟ್ಟಿಯನ್ನು ಇಳಿಬಿಟ್ಟಳು. ಅವನು ಫಿಲ್ಟರನ್ನು ಅದರಲ್ಲಿಟ್ಟ. ಬುಟ್ಟಿ ಮೇಲೇರತೊಡಗಿತು. ಮೊದಲ ಮಹಡಿಯ ಕಿಟಕಿ ಅರ್ಧ ತೆರೆಯಿತು, ಎರಡನೆಯದೂ ತೆರೆಯಿತು. ಅವನ ಮಾನ ಎಲ್ಲರ ಕಣ್ಣೆದುರಿಗೇ ನಿಧಾನವಾಗಿ ಮೇಲೆ ಹೋಗುತ್ತಿತ್ತು.

ಸಾಂತೀನಾ ಹೊರಗೆ ಬಂದು ಫಿಲ್ಟರನ್ನು ಎತ್ತಿಕೊಂಡಳು. ಅತ್ತಿತ್ತ ತಿರುಗಿಸಿ ನೋಡಿದಳು.

"ನೀನೇನಾ?"

"ನಾನೇ."

"ನಾನು ಆರಿಸಿಕೊಟ್ಟಿದ್ದು?"

"ವಾಪಸ್ ಕೊಟ್ಟೆ. ನಿನಗೆ ಸುಳ್ಳು ಹೇಳ್ದೆ."

"ಯಾಕೆ?"

ಓಡಿಹೋಗಬೇಕೆನಿಸಿತು. ಆದರೂ ತಲೆಯೆತ್ತಿ ಅವಳನ್ನೇ ನೋಡಿದ.

"ಸದ್ದು ಕೇಳಿ ಬಾಲ್ಕನಿಗೆ ಬರ್ತೀಯ ಅಂತ. ನಿನ್ನ ಮೇಲೆ ಪ್ರೀತಿ, ಸಾಂತೀನಾ. ಹೇಳೋಕೆ ಬಾಯೇ ಬರ್ಲಿಲ್ಲ."

"ಏನಂದ?" ಎಂದು ಎರಡನೇ ಮಹಡಿಯ ಒಳಗಿನಿಂದ ಗಂಡಸೊಬ್ಬ ಕೇಳಿದ.

"ಪ್ರೀತಿಯಂತೆ," ಎಂದು ಅವನ ಹೆಂಡತಿ ಹೇಳಿದಳು.

ಸಾಂತೀನಾ ಕಂಬಿಯ ಮೇಲೆ ಬಾಗಿದಳು. "ಬರ್ತಿದ್ದೆ ಕಣೋ. ದಿನಾ ಬರ್ತಿದ್ದೆ. ಅಷ್ಟರಲ್ಲಿ ನೀನು ಮೂಲೆ ತಿರುಗಿ ಹೋಗಿರ್ತಿದ್ದೆ. ಒಂದು ದಿನವಾದ್ರೂ ನಿಲ್ಲಿಸ್ಬಾರದಿತ್ತಾ?"

ಅವಳು ಫಿಲ್ಟರನ್ನು ಹಿಡಿದುಕೊಂಡೇ ಒಳಗೆ ಹೋದಳು. ಇನ್ನು ಆ ಗ್ಯಾರೇಜಿನ ಮೆಟ್ಟಿಲು ಹತ್ತುವಂತಿಲ್ಲ ಎಂದುಕೊಂಡು ಅವನು ತಲೆ ತಗ್ಗಿಸಿ ನಿಂತ.

ತಲೆಗೆ ಏನೋ ತಾಗಿತು. ಬುಟ್ಟಿ ಮತ್ತೆ ಕೆಳಗಿಳಿದಿತ್ತು. ಫಿಲ್ಟರ್ ವಾಪಸ್ ಬಂತೆಂದುಕೊಂಡು ಕೈ ಹಾಕಿದ. ಒಳಗೆ ಬೀದಿಬಾಗಿಲಿನ ಕೀಲಿಕೈ ಇತ್ತು.

"ಮೆಟ್ಟಿಲ ಮೇಲೆ ಸದ್ದು ಮಾಡ್ಬೇಡ," ಎಂದಳು ಅಜ್ಜಿ ಮೇಲಿನಿಂದ. "ನಾನು ಮಲಗಬೇಕು."

ಗಾಸ್ಪರೆ ಬಾಗಿಲು ತೆರೆದು, ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಮೆಟ್ಟಿಲು ಹತ್ತತೊಡಗಿದ.